ಅಮೆರಿಕದಲ್ಲಿ ಗೆದ್ದವರಿಗೆ ಸತ್ಯನಾರಾಯಣಪೇಟೆಯಲ್ಲಿ ಹೋಳಿಗೆ

ನಾಲ್ಕಕ್ಕೆ ಏಳುವುದು. ಬಾಗಿಲ ಮುಂದೆ ಗುಡಿಸಿ ನೀರು ಹಾಕುವುದು, ರಂಗೋಲಿ ಎಳೆಯುವುದು. ತಣ್ಣೀರು ಸುರಿದುಕೊಂಡು, ಯಾರ ಕೈಯೂ ತಾಗದಂತೆ ಗಳದ ಮೇಲೆ ಒಣಗಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಡುವುದು. ದೇವರ ಪಾತ್ರೆ ಬೆಳಗಿ, ದೀಪ ಹಚ್ಚಿ, ನೈವೇದ್ಯಕ್ಕೆ ಅನ್ನ, ಸಾರು, ಒಂದು ಪಲ್ಯ. ನಡುವೆ ಗಂಡನಿಗೆ ಸಕ್ಕರೆ ಇಲ್ಲದ ಕಾಫಿ, ಮೈದುನನಿಗೆ ಎರಡು ಚಮಚ ಸಕ್ಕರೆಯ ಕಾಫಿ, ಅವರಿಂದ ಮುಟ್ಟಿಸಿಕೊಳ್ಳದೆ ಹೊಸ್ತಿಲ ಮೇಲೆ ಇಡುವುದು. ತನ್ನ ಡಬ್ಬಿ ಕಟ್ಟಿಕೊಳ್ಳುವುದು. ಮಡಿ ಬಿಟ್ಟ ಮೇಲೆ ಐದನೇ ಇಯತ್ತೆಯ ಮಕ್ಕಳ ಗಣಿತದ ಪಟ್ಟಿಗಳನ್ನು ಅಡುಗೆ ಮನೆಯ ಹೊಸ್ತಿಲ ಹತ್ತಿರ ಕೂತು ತಿದ್ದುವುದು, ಹಾಲು ಉಕ್ಕದಂತೆ ಒಂದು ಕಣ್ಣು ಅತ್ತ ಇಟ್ಟಿರುವುದು.

ಅಮೆರಿಕದಲ್ಲಿ ಮತ ಎಣಿಸಿದ ದಿನ ಇದರ ಜೊತೆಗೆ ಮತ್ತೆ ಮೂರು ಸಲ ಕಾಫಿ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮನೆಯಲ್ಲಿ ಸೀತಾಬಾಯಿಯ ಗಂಡ ರಾಘಣ್ಣ ಮತ್ತು ಆತನ ತಮ್ಮ ವೇದವ್ಯಾಸ ಎಂದೂ ಇಲ್ಲದಂತೆ ಐದಕ್ಕೇ ಎದ್ದು ಟಿ.ವಿ. ಮುಂದೆ ಕೂತಿದ್ದರು. ರಾಘಣ್ಣ ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತ, ಅಮೆರಿಕದ ಕೆಂಪು ಪಕ್ಷದ ಕಡೆ. ವೇದವ್ಯಾಸ ಕಾಲೇಜಿನ ಮೇಷ್ಟರಿಕೆಯಿಂದ ನಿವೃತ್ತ, ಮದುವೆ ಇಲ್ಲ, ಮಹಡಿಯ ಕೋಣೆಯಲ್ಲಿ ವಾಸ, ನೀಲಿ ಪಕ್ಷ. ಇಬ್ಬರೂ ಅಮೆರಿಕ ನೋಡಿದವರಲ್ಲ. ಪೆನ್ಸಿಲ್ವೇನಿಯಾದ ಯಾವ ಜಿಲ್ಲೆಯಲ್ಲಿ ಎಷ್ಟು ಓಟು ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು. ತಮ್ಮ ವಾರ್ಡಿನ ಕಾರ್ಪೊರೇಟರ್ ಯಾರೆಂದು ನೀರಿನ ಬಿಲ್ ತಂದವನು ಕೇಳಿದಾಗ ಇಬ್ಬರೂ ಅಡುಗೆ ಮನೆಯ ಕಡೆ ನೋಡಿದ್ದರು.

"ಮಂದಿ ಆರಿಸ್ಯಾರ, ಮುಗೀತು. ಇದಕ್ಕ ಪ್ರಜಾಪ್ರಭುತ್ವ ಅಂತಾರ," ಎಂದ ಅಣ್ಣ.

"ಆರಿಸಿದ ಮ್ಯಾಲೆ ಮುಗಿಯೂದಲ್ಲಣ್ಣ, ಅಲ್ಲಿಂದ ಸುರು ಆಗೂದು. ಕೋರ್ಟು ಇರಬೇಕು, ಪೇಪರು ಇರಬೇಕು, ಎದುರು ಮಾತಾಡವ್ರಿಗೆ ಜಾಗ ಇರಬೇಕು."

"ನಿನಗ ಕೊಟ್ಟೀನಲ್ಲ ಜಾಗ. ನನ್ನ ಮನ್ಯಾಗ, ನನ್ನ ಫ್ಯಾನಿನ ಕೆಳಗ."

ಈ ಮಾತುಗಳಲ್ಲಿ ತಪ್ಪಿತ್ತು ಎಂದು ಸೀತಾಬಾಯಿಗೆ ಅನ್ನಿಸಿರಲಿಲ್ಲ. ಇಬ್ಬರೂ ಹೇಳುವುದರಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ, ಖಾಲಿ ಲೋಟ ಒಳಗೆ ತಂದಿಟ್ಟು ಹೇಳಿದರೆ ಇನ್ನಷ್ಟು ಇರುತ್ತದೆ ಎಂದಷ್ಟೇ ಆಕೆಯ ಅಭಿಪ್ರಾಯ.

ತೊಂದರೆ ಬಂದದ್ದು ಹರಕೆಯಿಂದ. ಎಣಿಕೆಗೆ ಎರಡು ದಿನ ಮೊದಲು ರಾಘಣ್ಣ ರಾಯರ ಮಠಕ್ಕೆ ಹೋಗಿ, ತನ್ನವನು ಗೆದ್ದರೆ ಮನೆಯಲ್ಲಿ ನೂರೆಂಟು ಬೇಳೆ ಹೋಳಿಗೆ ಮಾಡಿಸಿ ಮೂವತ್ತು ಜನಕ್ಕೆ ಊಟ ಹಾಕುತ್ತೇನೆ ಎಂದು ಕೈಮುಗಿದು ಬಂದ. ವೇದವ್ಯಾಸ ಇದನ್ನು ಕೇಳಿ ಮೂಢನಂಬಿಕೆ ಎಂದು ನಕ್ಕ. ಸಂಜೆ ವಾಕಿಂಗ್ ಎಂದು ಹೊರಟವನು ಅದೇ ಮಠಕ್ಕೆ ಹೋಗಿ, ನೀಲಿ ಪಕ್ಷ ಗೆದ್ದರೆ ಅಷ್ಟೇ ಜನಕ್ಕೆ ಹಯಗ್ರೀವ ಮಾಡಿಸುತ್ತೇನೆ ಎಂದು ಹೊತ್ತು ಬಂದ. ಹೋಳಿಗೆಯ ಹೂರಣವೂ ಹಯಗ್ರೀವವೂ ಕಡಲೆಬೇಳೆಯದೇ. ಅಂದರೆ ವಾಷಿಂಗ್ಟನ್ನಿನಲ್ಲಿ ಯಾರೇ ಕೂತರೂ ಎಂಟು ಸೇರು ಬೇಳೆ ಬೇಯಿಸುವುದು ಸೀತಾಬಾಯಿಗೆ ಖಾಯಂ. ಅದು ಎರಡೂ ಪಕ್ಷದ ಪ್ರಣಾಳಿಕೆಯಲ್ಲಿತ್ತು.

ಆಕೆ ಸಾಲೆಯಿಂದ ಸಂಜೆ ಬರುವಷ್ಟರಲ್ಲಿ ಕೆಂಪು ಪಕ್ಷ ಗೆದ್ದಿತ್ತು. ವೇದವ್ಯಾಸ ಮಹಡಿ ಹತ್ತಿ ಬಾಗಿಲು ಹಾಕಿಕೊಂಡ. ಅಣ್ಣನ ಪಂಕ್ತಿಯಲ್ಲಿ ಇನ್ನು ಉಣ್ಣುವುದಿಲ್ಲ ಎಂದು ಸಾರಿದ. ಅಂದಿನಿಂದ ಆತನ ತಟ್ಟೆ ಹದಿನೇಳು ಮೆಟ್ಟಿಲು ಹತ್ತಿ ಹೋಗತೊಡಗಿತು. ತಾನಾಗಿ ಹತ್ತುವ ಗುಣ ತಟ್ಟೆಗಿಲ್ಲ. ಪ್ರಜಾಪ್ರಭುತ್ವ ಸತ್ತಿತು ಎಂದು ಆತ ದಿಂಬಿಗೆ ಹೇಳುತ್ತಿದ್ದ, ಸಾರಿಗೆ ಉಪ್ಪು ಕಡಿಮೆ ಎಂದು ಅತ್ತಿಗೆಗೆ.

ಗೆಲುವಿನ ಸುದ್ದಿ ಹೇಳಲು ಮಠಕ್ಕೆ ಓಡಿದ ರಾಘಣ್ಣ ಮೋರೆ ಸಣ್ಣದು ಮಾಡಿಕೊಂಡು ಬಂದ. ಚಾತುರ್ಮಾಸ್ಯದ ಕೊನೆಯ ತಿಂಗಳು ನಡೆದಿತ್ತು, ದ್ವಿದಳ ವ್ರತ. ಎರಡು ಹೋಳಾಗುವ ಯಾವ ಕಾಳೂ ಬೇಳೆಯೂ ಆ ತಿಂಗಳು ಅಡುಗೆಗೆ ಬಾರದು. ಮೂವತ್ತು ವರ್ಷ ವ್ರತ ಹಿಡಿದ ಮನುಷ್ಯ ಅಮೆರಿಕದ ಗುಂಗಿನಲ್ಲಿ ನಿಷಿದ್ಧ ಬೇಳೆಯನ್ನೇ ದೇವರಿಗೆ ಹೊತ್ತು ಬಂದಿದ್ದ. ವ್ರತ ಮುಗಿಯುವ ದ್ವಾದಶಿ ಕಳೆದ ಮೇಲೆ ಮಾಡಿರಿ ಎಂದು ಆಚಾರ್ಯರು ನಗು ತಡೆದುಕೊಂಡು ಹೇಳಿದರಂತೆ.

ಯಾವ ದಿನ ಎಂಬುದನ್ನು ಮನೆಯಲ್ಲೇ ಬಹುಮತದಿಂದ ತೀರ್ಮಾನಿಸೋಣ ಎಂದ ರಾಘಣ್ಣ. ಹೋಳಿಗೆಯ ಜೊತೆ ಹಯಗ್ರೀವವೂ ಇರಬೇಕು, ಅದು ವಿರೋಧ ಪಕ್ಷದ ಹಕ್ಕು ಎಂಬ ಷರತ್ತಿನ ಮೇಲೆ ವೇದವ್ಯಾಸ ಐದು ನಿಮಿಷಕ್ಕೆ ಕೆಳಗಿಳಿದ. ಇಬ್ಬರೂ ದ್ವಾದಶಿಯ ಮುಂದಿನ ಭಾನುವಾರಕ್ಕೆ ಕೈ ಎತ್ತಿದರು. ಸೀತಾಬಾಯಿ ಒಳಗೆ ಮಡಿಯಲ್ಲಿದ್ದಳು, ನಡುಮನೆಗೆ ಬರುವಂತಿರಲಿಲ್ಲ. ಆ ಭಾನುವಾರ ತನಗೆ ಕೆಲಸವಿದೆ ಎಂದು ಅಲ್ಲಿಂದಲೇ ಕೂಗಿದಳು. ಭಾನುವಾರ ಸಾಲೆಗೆ ರಜೆ, ಎಂಥ ಕೆಲಸ ಎಂದು ಉತ್ತರ ಬಂತು. ಎರಡಕ್ಕೆ ಸೊನ್ನೆ, ಠರಾವು ಪಾಸಾಯಿತು.

ಎಂಥ ಕೆಲಸವೆಂದರೆ, ಆಕೆ ಚುನಾವಣೆಗೆ ನಿಂತಿದ್ದಳು. ಕುರುಗೋಡು ಭಾಗದ ಶಿಕ್ಷಕರ ಸಂಘಕ್ಕೆ ಒಬ್ಬ ನಿರ್ದೇಶಕರ ಆಯ್ಕೆ, ಮತದಾನ ಅದೇ ಭಾನುವಾರ ಮುಂಜಾನೆ ಎಂಟರಿಂದ ಹನ್ನೆರಡು. ಸಿರುಗುಪ್ಪದಲ್ಲಿ ಹುಟ್ಟಿ, ತೆಕ್ಕಲಕೋಟೆಯ ಸಾಲೆಯಲ್ಲಿ ಹನ್ನೊಂದು ವರ್ಷ, ಕುರುಗೋಡಿನಲ್ಲಿ ಹದಿನಾಲ್ಕು ವರ್ಷ ಕಲಿಸಿದ ಸೀತಾಬಾಯಿ, ಈ ಎರಡೂ ಕಡೆ ಮುಂಜಾನೆ ಒಂಬತ್ತರಿಂದ ಸಂಜೆಯ ತನಕ ನೀರು ಕುಡಿಯದೆ ಇರುವುದನ್ನು ಕಲಿತಿದ್ದಳು. ಶಿಕ್ಷಕಿಯರಿಗೆ ಪಾಯಿಖಾನೆ ಇಲ್ಲ. ಇದ್ದಲ್ಲಿ ಬೀಗ, ಬೀಗ ಇಲ್ಲದಲ್ಲಿ ನೀರಿಲ್ಲ. ಮೂರು ಅವಧಿಗೆ ನಿರ್ದೇಶಕನಾಗಿದ್ದ ಕಾಡಸಿದ್ದಪ್ಪ ಮೇಷ್ಟ್ರು ಈ ವಿಷಯ ಎತ್ತಿದರೆ ಮುಜುಗರದಿಂದ ಕೆಮ್ಮುತ್ತಿದ್ದ. ಹನ್ನೆರಡು ವರ್ಷದ ಕೆಮ್ಮು ಸಾಕೆಂದು ಆಕೆ ಈ ಸಲ ಆತನ ಎದುರು ಅರ್ಜಿ ಹಾಕಿದ್ದಳು.

ಮನೆಯಲ್ಲಿ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಾಗ ಹೇಳಿದ್ದಳು. ಅಣ್ಣ ತಮ್ಮಂದಿರು ಎರಡು ದಿನ ಪರ ವಿರೋಧ ಚರ್ಚಿಸಿ, ದೂರದ ಊರು, ಅಡುಗೆಗೆ ತೊಂದರೆ ಎಂದು ಅಪರೂಪಕ್ಕೆ ಒಮ್ಮತಕ್ಕೆ ಬಂದು, ಬೇಡವೆಂಬ ಕಾಗದವನ್ನು ತಾವೇ ಬರೆದು ಸಹಿಗೆ ಮುಂದಿಟ್ಟಿದ್ದರು. ಅಕ್ಷರ ಚೆನ್ನಾಗಿತ್ತು.

ಆಕೆಯ ಪರ ಓಡಾಡಿದವಳು ಸಾಲೆಯ ಜೊತೆಗಾತಿ ಕೊಟ್ರಬಸಮ್ಮ. ಆಕೆಯ ಲೆಕ್ಕದಂತೆ ಫಲಿತಾಂಶ ಒಂದೆರಡು ಓಟಿನ ಮೇಲೆ ನಿಂತಿತ್ತು.

"ಹೋದ ಸಲ ನಿಂತಿದ್ದ ಅಂಬಮ್ಮ ಅಕ್ಕೋರ ಗತಿ ನೆನಪೈತೇನ್ರಿ?" ಎಂದು ಕೊಟ್ರಬಸಮ್ಮ ಬಸ್ಸಿನಲ್ಲಿ ಕೇಳಿದಳು. "ನನ್ನ ಓಟು ನಿಮಗ, ನಿಮ್ಮ ಓಟು ನನಗ, ಮರ್ಯಾದಿ ಉಳೀಲಿ ಅಂದ ಈ ಕಾಡಸಿದ್ದಪ್ಪ. ಇವ್ರು ಹೋಗಿ ಅವಂಗ ಒತ್ತಿ ಬಂದ್ರು. ಅವ ತನಗ ತಾನ ಒತ್ತಿಕೊಂಡ. ಒಂದು ಓಟಿನಾಗ ಸೋತ್ರು."

ಹಾಗೆ ಸೋತ ಅಂಬಮ್ಮ ಮರುದಿನ ಆತನಿಗೆ ಹಾರ ಹಾಕಲು ಹೂವನ್ನೂ ತಾನೇ ಕಟ್ಟಿ ತಂದಿದ್ದಳು.

ಮಠದ ಅಡುಗೆಯವರನ್ನು ಕರೆಸಿರೆಂದು ಸೀತಾಬಾಯಿ ಶನಿವಾರ ಮಧ್ಯಾಹ್ನ ಕೊನೆಯ ಸಲ ಹೇಳಿ ನೋಡಿದಳು.

"ಹರಕಿ ನಾವು ಹೊತ್ತದ್ದು," ಎಂದ ರಾಘಣ್ಣ. "ಹೊರಗಿನವ್ರು ಮಾಡಿದ್ರ ದೇವರಿಗೆ ಮುಟ್ಟತದೇನು?"

"ಹೊತ್ತವ್ರು ನೀವು," ಎಂದಷ್ಟೇ ಹೇಳಿ ಆಕೆ ಬೇಳೆ ಆರಿಸಲು ಕೂತಳು. ಬೆಳಗಿನ ಎರಡಕ್ಕೆ ಎದ್ದರೆ ಹೂರಣ ರುಬ್ಬಿ, ಆರಕ್ಕೆ ಹೋಳಿಗೆ ಬೇಯಿಸತೊಡಗಿದರೆ, ಓಟಿಗೂ ಹೋಗಬಹುದು ಎಂದು ಮನಸ್ಸು ಅಭ್ಯಾಸದಿಂದ ಲೆಕ್ಕ ಹಾಕಿತು. ಲೆಕ್ಕ ಸರಿಹೋಗುತ್ತಿತ್ತು ಕೂಡ. ಅದೇ ಆಕೆಗೆ ಸಿಟ್ಟು ತರಿಸಿತು.

ಭಾನುವಾರ ಆರೂವರೆಗೆ ರಾಘಣ್ಣ ಕಾಫಿಗೆಂದು ಬಂದಾಗ ಹೆಂಡತಿ ಬಸ್ಸಿನ ಸೀರೆ ಉಟ್ಟು ನಡುಮನೆಯಲ್ಲಿ ನಿಂತಿದ್ದಳು. ಬೇಳೆ ನೆನೆದಿದೆ, ಬೆಲ್ಲ ಪಕ್ಕದಲ್ಲಿದೆ, ತಾನು ಮಡಿ ಉಟ್ಟಿಲ್ಲವಾದ್ದರಿಂದ ಒಳಗಿನದೇನನ್ನೂ ಮುಟ್ಟುವಂತಿಲ್ಲ ಎಂದಳು.

"ಎಲ್ಲಿಗೆ ಹೊಂಟಿ?"

"ಓಟಿಗೆ."

"ಅಮೆರಿಕದ್ದು ಮುಗೀತಲ್ಲ?"

"ಇದು ಕುರುಗೋಡಿಂದು. ನಾ ನಿಂತೀನಿ."

ಮಹಡಿಯ ಮೆಟ್ಟಿಲ ಮೇಲಿಂದ ವೇದವ್ಯಾಸ, "ಯಾವ ಪಕ್ಷದಿಂದ ಅತ್ತಿಗಿ?" ಎಂದ. ನಿಜವಾದ ಆಸಕ್ತಿ ಇತ್ತು ಆ ದನಿಯಲ್ಲಿ.

"ಮೂವತ್ತು ಮಂದಿ ಬರ್ತಾರ ಹನ್ನೆರಡಕ್ಕ," ಎಂದ ರಾಘಣ್ಣ, ಈಗ ಮೆಲ್ಲಗೆ.

"ನಿಮ್ಮಿಬ್ಬರ ಮಡಿ ಪಂಚಿ ಗಳದ ಮ್ಯಾಲೆ ಅದಾವ. ಅಡಿಗಿ ಮಾಡೂ ಗಂಡಸರಿಗೆ ನಮ್ಮ ಮಂದ್ಯಾಗ ಏನು ಬರ ಇಲ್ಲ. ಹೂರಣಕ್ಕ ನೀರು ಭಾಳ ಇಡಬ್ಯಾಡ್ರಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದಾರಿಯಲ್ಲಿ ನಾಲ್ಕು ಸಲ ಫೋನು ಬಂತು: ಏಲಕ್ಕಿ ಎಲ್ಲಿ, ದೊಡ್ಡ ಕುಕ್ಕರಿನ ಮುಚ್ಚಳ ಯಾವುದು, ಬೇಳೆ ಎಷ್ಟು ಸೀಟಿ, ನಿನಗೆ ಎಷ್ಟು ಓಟು ಇವೆ. ಕೊನೆಯದು ಮೈದುನ ಕೇಳಿದ್ದು. ಮೊದಲ ಮೂರಕ್ಕೆ ಉತ್ತರ ಹೇಳಿ, ನಾಲ್ಕನೆಯದಕ್ಕೆ ಗೊತ್ತಿಲ್ಲ ಎಂದು ಫೋನನ್ನೇ ಆರಿಸಿದಳು.

ಕುರುಗೋಡಿನ ಸಾಲೆಯ ಗೇಟಿನಲ್ಲಿ ಕಾಡಸಿದ್ದಪ್ಪ ಮತದಾರರಿಗೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ಹಂಚಿಸುತ್ತ ನಿಂತಿದ್ದ. ಸೀತಾಬಾಯಿ ಮೂರು ತಾಸು ಆತನ ಎದುರಿಗೇ ಬೇವಿನ ಗಿಡದ ಕೆಳಗೆ ನಿಂತು ಬಂದವರಿಗೆಲ್ಲ ಕೈಮುಗಿದಳು. ಸಿರುಗುಪ್ಪದ ಕಡೆಯಿಂದ ವರ್ಗವಾಗಿ ಬಂದ ಶಿಕ್ಷಕಿಯರು ಆತನ ಮಿರ್ಚಿ ತಿಂದು, ಈಕೆಯ ಕೈ ಹಿಡಿದು ಒಳಗೆ ಹೋದರು. ಯಾರಿಗೆ ಒತ್ತಿದರೋ ಮುಖ ನೋಡಿ ತಿಳಿಯುವಂತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಆತ ತಾನೇ ಒಂದು ತಟ್ಟೆ ಹಿಡಿದು ಬಂದ.

"ಯಾರು ಗೆದ್ರೂ ನಾವು ಒಂದೇ ಮನಿಯವ್ರು ಸೀತಾಬಾಯಿ ಮೇಡಂ. ನಮಗ ನಾವು ಓಟು ಹಾಕ್ಕೊಳ್ಳಾದು ಚಂದ ಕಾಣಂಗಿಲ್ಲ. ನಾ ನಿಮಗ ಹಾಕ್ತೀನಿ, ನೀವು ನನಗ ಹಾಕ್ರಿ."

ಆಕೆಯ ತಲೆ ಆಗಲಿ ಎಂಬಂತೆ ಅಲ್ಲಾಡಿಬಿಟ್ಟಿತು. ಮೂವತ್ತು ವರ್ಷದ ರೂಢಿ, ಆಕೆಯನ್ನು ಕೇಳಿ ಅಲ್ಲಾಡಲಿಲ್ಲ. ಆತ ತೃಪ್ತಿಯಿಂದ ತಟ್ಟೆ ಕೈಗಿಟ್ಟು ಹೋದ. ದೂರದಿಂದ ಕೊಟ್ರಬಸಮ್ಮ ಹಣೆ ಚಚ್ಚಿಕೊಂಡಳು.

ಒಳಗೆ ಹೆಸರಿಗೆ ಗೀಟು ಹಾಕಿ, ಬೆರಳಿಗೆ ಶಾಯಿ ಹಚ್ಚಿ, ಕಾಗದ ಕೊಟ್ಟರು. ಬೆಂಚಿನ ಮೇಲೆ ರಟ್ಟಿನ ಮರೆ. ಅದರ ಹಿಂದೆ ಒಬ್ಬರಿಗಷ್ಟೇ ಜಾಗ. ಅಲ್ಲಿ ನಿಂತಾಗ ಆಕೆಗೆ ಹೊಳೆಯಿತು, ಈ ವಾರವಿಡೀ ತನ್ನನ್ನು ಯಾರೂ ಏನೂ ಕೇಳದ ಜಾಗ ಇದೊಂದೇ. ಕಾಗದದಲ್ಲಿ ಎರಡು ಹೆಸರು. ತಲೆ ಅಲ್ಲಾಡಿಸಿ ಮಾತು ಕೊಟ್ಟಾಗಿತ್ತು. ಮಾತಿಗೆ ತಪ್ಪುವುದು ಆಕೆಗೆ ಬಂದ ವಿದ್ಯೆಯಲ್ಲ. ತನಗೆ ತಾನೇ ಬಡಿಸಿಕೊಳ್ಳುವಾಗ ಪಾತ್ರೆಯಲ್ಲಿ ಉಳಿದದ್ದೆಷ್ಟು ಎಂದು ನೋಡಿಯೇ ಆಕೆ ಬಡಿಸಿಕೊಂಡವಳು. ಹೊರಗೆ ಯಾರೋ ಕೆಮ್ಮಿದರು.

ಸೀತಾಬಾಯಿ ಸೀಲನ್ನು ತನ್ನ ಹೆಸರಿನ ಮುಂದೆ ಇಟ್ಟು, ಅಂಗೈಯ ಭಾರ ಹಾಕಿ ಒತ್ತಿದಳು.