ಪಂಕ್ತಿಗೆ ಕೂರುವ ರಿವಾಲ್ವರು

ಹೋದ ವಾರ ಹೊಸಪೇಟೆಯ ಟೇಲರ್ ಅಂಗಡಿಯಲ್ಲಿ ಕೈಯೆತ್ತಿ ನಿಂತಿದ್ದೆ. ಮಗಳ ಮದುವೆಗೆ ನನಗೂ ಒಂದು ಹೊಸ ಅಂಗಿ ಇರಲಿ ಎಂದು ಹೆಂಡತಿ ಒತ್ತಾಯ ಮಾಡಿದ್ದಳು. ನನ್ನ ಹೊಟ್ಟೆಯ ಸುತ್ತಳತೆ ನೋಡಿ ಟೇಲರು ತಾವಾಗಿ ಏನೂ ಹೇಳಲಿಲ್ಲ, ಅದು ಅವರ ದೊಡ್ಡತನ. ಟೇಪು ಕೊರಳಿಗೆ ಹಾಕಿಕೊಳ್ಳುತ್ತಾ, "ಒಳಜೇಬು ಇಡ್ಲೇನ್ರೀ ಸರ್?" ಎಂದು ಕೇಳಿದರು. ನಾನು "ಬ್ಯಾಡ" ಎಂದೆ. ಎಷ್ಟು ಅವಸರದಲ್ಲಿ ಎಂದೆನೆಂದರೆ, ಅವರು ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು ನೋಡಿದರು. ಒಳಜೇಬು ಎಂದರೆ ನನಗೆ ನನ್ನ ಸೋದರಮಾವನ ರಿವಾಲ್ವರೇ ನೆನಪಾಗುತ್ತದೆ ಎಂದು ಅವರಿಗೆ ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು, ನಿಮ್ಮ ಕೈಯಲ್ಲಿ ಕತ್ತರಿ ಇಲ್ಲ.

ಮಾವನ ಹೆಸರು ಮಲ್ಲೇಶಪ್ಪ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಭತ್ತ, ತೌಡು, ನೆಲ್ಲುಹೊಟ್ಟು, ಇಷ್ಟರಲ್ಲೇ ಸುಖವಾಗಿದ್ದ ಮನುಷ್ಯ. ಆದರೆ ಸಂಡೂರಿನ ಅದಿರಿಗೆ ರೆಕ್ಕೆ ಬಂದ ಕಾಲದಲ್ಲಿ ನಮ್ಮ ಕಡೆ ಸುಮ್ಮನೆ ಕೂತವರು ಯಾರು? ಬಟ್ಟೆ ಅಂಗಡಿಯವರು ಲಾರಿ ತೆಗೆದುಕೊಂಡರು, ಮೇಷ್ಟರು ಲಾರಿ ತೆಗೆದುಕೊಂಡರು. ರಸ್ತೆ ಬದಿಯ ಬೇವಿನ ಎಲೆಗಳು ಅದಿರಿನ ಧೂಳು ಕೂತು ಹಸಿರು ಮರೆತು ಕೆಂಪಾದವು. ಮಾವನೂ ತಮ್ಮ ಗೆಳೆಯ ಪಂಪಣ್ಣನ ಜೊತೆ ಕೂಡಿ ಲಾರಿಗಳನ್ನು ಓಡಿಸಲು ಶುರು ಮಾಡಿದರು.

ಪಂಪಣ್ಣ ಬರೀ ಪಾಲುದಾರ ಆಗಿರಲಿಲ್ಲ. ತಾಯಿಯಿಲ್ಲದ ಅವರು ನಮ್ಮ ಅಜ್ಜಿಯ, ಎಂದರೆ ಮಾವನ ತಾಯಿಯ, ಕೈತುತ್ತು ತಿಂದೇ ಬೆಳೆದವರು. ಅಜ್ಜಿ ರೊಟ್ಟಿ ಬಡಿಯುತ್ತಾ "ಮಲ್ಲಾ, ಪಂಪಾ" ಎಂದು ಒಂದೇ ಉಸಿರಿಗೆ ಕರೆಯುತ್ತಿದ್ದಳು. ಎರಡು ಹೆಸರೂ ಕೂಡಿ ಒಬ್ಬನೇ ಮನುಷ್ಯ ಎಂದು ಚಿಕ್ಕಂದಿನಲ್ಲಿ ನಾನು ತಿಳಿದಿದ್ದುಂಟು. ಎಷ್ಟು ದಿನದ ಮೇಲೆ ಸಿಕ್ಕರೂ, ಎಷ್ಟು ಬೇಗ ಸಿಕ್ಕರೂ, ಇಬ್ಬರೂ ತೆಕ್ಕೆಬಿದ್ದು ಬೆನ್ನು ಚಪ್ಪರಿಸಿಕೊಂಡೇ ಮಾತು ಶುರು ಮಾಡುತ್ತಿದ್ದರು.

ಅಂಥವರು ಸಂಡೂರಿನ ಲಾರಿ ನಿಲ್ದಾಣದಲ್ಲಿ, ಹತ್ತಾರು ಡ್ರೈವರುಗಳ ಎದುರಿಗೆ ಜಗಳವಾಡಿದರು. ಪಂಪಣ್ಣ ಕೇಳದೆ ಲಾರಿಯನ್ನು ಬೇರೆ ಗಣಿಗೆ ಕಳಿಸಿದ್ದರು. ಮಾವ ಆಡಬಾರದ ಮಾತು ಆಡಿದರು, "ನಮ್ಮವ್ವನ ಅನ್ನ ತಿಂದು ನಮಗ ಮಣ್ಣು ಹಾಕ್ದಿ" ಎಂದರು. ಪಂಪಣ್ಣ ಟವೆಲ್ಲು ಕೊಡವಿ, "ಆತು, ನೋಡ್ಕೋತೀನಿ" ಎಂದು ಹೋದರು. ನಮ್ಮ ಕಡೆ 'ನೋಡ್ಕೋತೀನಿ' ಎಂದು ಬಸ್ ಕಂಡಕ್ಟರಿಗೂ ಅನ್ನುತ್ತೇವೆ, ಮರುದಿನ ಅದೇ ಬಸ್ಸು ಹತ್ತುತ್ತೇವೆ. ಮಾವನಿಗೂ ಅದು ಗೊತ್ತಿತ್ತು. ಆದರೆ ಕೆಲವು ದಿನಗಳ ಮೇಲೆ ಸಂಡೂರಿನ ದಾರಿಯಲ್ಲಿ, ಯಶವಂತನಗರದ ಹತ್ತಿರ ಅವರ ಕಾರಿನ ಮುಂಗಾಜು ಒಮ್ಮೆಲೇ ಒಡೆಯಿತು. ಒಂದು ಕಲ್ಲು ಬಂದು ಪಕ್ಕದ ಸೀಟಿನ ಮೇಲೆ ಬಿತ್ತು. ಮಾವನ ಹಣೆಗೆ ಗಾಜು ತಾಗಿ ರಕ್ತ ಬಂತು.

ಹಣೆಯ ಗಾಯ ಬೇಗ ಮಾಯಿತು. ಹೆದರಿಕೆ ಮಾಯಲಿಲ್ಲ. ಈ ಹೆದರಿಕೆಯನ್ನು ನಾನು ಗೇಲಿ ಮಾಡಲಾರೆ, ಹತ್ತಿರದಿಂದ ನೋಡಿದ್ದೇನೆ. ತಟ್ಟೆಯ ಮುಂದೆ ಕೂತು ತುತ್ತು ಕಲಸುತ್ತಾ ಬಾಗಿಲ ಕಡೆ ನೋಡುತ್ತಿದ್ದರು. ಹಿಂದೆ ಯಾವುದಾದರೂ ಮೋಟರ್ ಸೈಕಲ್ಲು ಬಂದರೆ ಕಾರು ಬದಿಗೆ ನಿಲ್ಲಿಸಿ ಅದನ್ನು ಮುಂದೆ ಬಿಡುತ್ತಿದ್ದರು. ಎಲ್ಲ ಹೆದರಿಕೆಗಿಂತ ದೊಡ್ಡದು, ಹೆದರಿಸುತ್ತಿರುವವನು ಪಂಪ ಎಂಬುದು. ಹೊರಗಿನವನಾಗಿದ್ದರೆ ಅವರು ಅಷ್ಟು ಕುಗ್ಗುತ್ತಿರಲಿಲ್ಲ.

ಕೊನೆಗೆ ಆಯುಧ ಇಟ್ಟುಕೊಳ್ಳಲು ಅರ್ಜಿ ಕೊಟ್ಟು, ಅಲೆದಾಡಿ, ಪೊಲೀಸರ ವಿಚಾರಣೆಯೆಲ್ಲ ಮುಗಿದು ಲೈಸೆನ್ಸು ಬಂತು. ಆಯುಧ ಆರಿಸಲು ಹುಬ್ಬಳ್ಳಿಗೆ ಹೋಗುವಾಗ ನನ್ನನ್ನೂ ಕರೆದರು. "ಅಳಿಯಾ, ನೀನು ಓದಿದಾವ. ನಾಲ್ಕು ಪ್ರಶ್ನಿ ಕೇಳು. ಹಳ್ಳಿಯವ್ರಂತ ಟೋಪಿ ಹಾಕಬಾರದು" ಎಂದರು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು, ದೀಪಾವಳಿಗೆ ಸುರಸುರಬತ್ತಿಯನ್ನು ಕೂಡ ಉದ್ದನೆಯ ಕಡ್ಡಿಗೆ ಕಟ್ಟಿ ಹಚ್ಚುವವನು. ಆದರೂ ಒಂದು ವಾರ ಇಂಟರ್ನೆಟ್ಟಿನಲ್ಲಿ ಓದಿ ಪಂಡಿತನಾದೆ. ಅಲ್ಲಿದ್ದದ್ದೆಲ್ಲ ಪ್ಯಾಂಟು ತೊಟ್ಟು ಗಟ್ಟಿ ಬೆಲ್ಟು ಬಿಗಿದ ಜನರಿಗೆ ಹೇಳಿದ ಮಾತು. ಧೋತರ ಉಡುವವನು ಎಲ್ಲಿ ಸಿಕ್ಕಿಸಿಕೊಳ್ಳಬೇಕು ಎಂದು ಯಾರೂ ಬರೆದಿರಲಿಲ್ಲ.

ಹುಬ್ಬಳ್ಳಿಯ ಬಂದೂಕಿನ ಅಂಗಡಿಯ ಯಜಮಾನರು ರೇಷ್ಮೆ ಸೀರೆ ಮಾರುವವರಷ್ಟು ಮೆತ್ತಗಿನ ಮನುಷ್ಯರು. "ಕುಂದ್ರಿ, ಚಾ ತಗೋರಿ" ಎಂದರು. ಆಮೇಲೆ ಒಂದು ಪಿಸ್ತೂಲು, ಒಂದು ರಿವಾಲ್ವರು ಬಟ್ಟೆಯ ಮೇಲೆ ಇಟ್ಟರು. ಎರಡೂ ಖಾಲಿ ಎಂದು ಮೊದಲು ತೆರೆದು ತೋರಿಸಿದರು. ಪಿಸ್ತೂಲು ಚಪ್ಪಟೆ, ಅಂಗಿಯ ಕೆಳಗೆ ಕಾಣುವುದಿಲ್ಲ, ಆದರೆ ಕೈಗೆ ಅಭ್ಯಾಸ ಬೇಕು. ರಿವಾಲ್ವರು ಸರಳ, ಆದರೆ ಗುಂಡು ತುಂಬುವ ಉರುಳೆ ಹೊಟ್ಟೆಬಾಕನ ಹೊಟ್ಟೆಯಂತೆ ಮುಂದೆ ಬರುತ್ತದೆ. ತೀರಾ ಚಿಕ್ಕದು ಅಡಗುತ್ತದೆ, ಹಾರಿಸಿದಾಗ ಕೈಯಲ್ಲಿ ನಿಲ್ಲುವುದಿಲ್ಲ. ದೊಡ್ಡದು ಕೈಯಲ್ಲಿ ನಿಲ್ಲುತ್ತದೆ, ಅಂಗಿಯಲ್ಲಿ ಅಡಗುವುದಿಲ್ಲ.

"ಮನ್ಯಾಗ ಇಡೋದು ಬ್ಯಾರೆ, ದಿನಾ ಮೈಮ್ಯಾಲೆ ಇಟ್ಕೊಂಡು ಅಡ್ಡಾಡೋದು ಬ್ಯಾರೆ ರೀ. ಭಾರ ಆತಂದ್ರ ನೀವು ಇವತ್ತೊಂದಿನ ಬ್ಯಾಡ ಅಂತ ಮನ್ಯಾಗ ಬಿಡ್ತೀರಿ. ಮತ್ತೊಬ್ಬರಿಗೆ ಕಾಣಬಾರದು, ನಿಮಗ ಮರೀಬಾರದು. ಅಂಥಾದ್ದು ಆರಿಸ್ರಿ" ಎಂದರು ಯಜಮಾನರು.

ನಾನು ಕಂಠಪಾಠ ಮಾಡಿದ್ದ ಪ್ರಶ್ನೆಗಳನ್ನು ಕೇಳಿದೆ. ಅವರು ನಗುತ್ತಲೇ ಉತ್ತರ ಕೊಟ್ಟರು. ಆದರೆ ಮಾವ ಕೇಳಿದ ಪ್ರಶ್ನೆಗೆ ಅವರು ತಡವರಿಸಿದರು.

"ಇದನ್ನ ಇಟ್ಕೊಂಡು ಪಂಕ್ತಿಗೆ ಕುಂದ್ರಾಕ ಬರ್ತೈತೇನ್ರಿ?"

ನೋಡಿ, ಇದು ನಮ್ಮ ಮಾವನಿಗೇ ಹೊಳೆಯಬೇಕಾದ ಪ್ರಶ್ನೆ. ಮದುವೆ, ಸೀಮಂತ, ತಿಥಿ, ಮಠದ ದಾಸೋಹ, ವಾರಕ್ಕೊಮ್ಮೆಯಾದರೂ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಊಟಕ್ಕೆ ಕೂರುವ ಮನುಷ್ಯ. ಸ್ವಾಮಿಗಳು ಬಂದರೆ ಉದ್ದಕ್ಕೆ ಅಡ್ಡಬೀಳಬೇಕು. ಇಂಟರ್ನೆಟ್ಟಿನ ಯಾವ ಪಂಡಿತನೂ ಆಯುಧಕ್ಕೆ ಈ ಪರೀಕ್ಷೆ ಒಡ್ಡಿರಲಿಲ್ಲ. ಯಜಮಾನರು ಪಾಪ, ಒಳಗಿನಿಂದ ಚಾಪೆ ತಂದು ಹಾಸಿದರು. ಮಾವ ಖಾಲಿ ಪಿಸ್ತೂಲನ್ನು ನಡುವಿಗೆ ಸಿಕ್ಕಿಸಿ ಕೂತರು, ಅದು ಧೋತರದ ಗಂಟು ಬಿಚ್ಚಿ ಕೆಳಗೆ ಜಾರಿತು. ಮತ್ತೊಂದನ್ನು ಬಗಲಿಗೆ ಹಾಕಿ, ಇಲ್ಲದ ಎಲೆಯ ಮೇಲಿನ ಇಲ್ಲದ ಅನ್ನಕ್ಕೆ ಬಾಗಿದರು, ಅದು ಪಕ್ಕೆಗೆ ಚುಚ್ಚಿತು. ನಾನು ಪಕ್ಕದಲ್ಲಿ ಕೂತು ನೀಡುವವನ ಹಾಗೆ ಕೈ ಆಡಿಸುತ್ತಿದ್ದೆ. ಒಳಗೆ ಬಂದ ಬೇರೆ ಗಿರಾಕಿಯೊಬ್ಬರು ನಮ್ಮನ್ನು ನೋಡಿ, ಬಂದ ದಾರಿಯಲ್ಲೇ ಹೋದರು.

ಕಡೆಗೆ ಒಪ್ಪಿಗೆಯಾದದ್ದು ಗಿಡ್ಡ ನಳಿಗೆಯ ರಿವಾಲ್ವರು. "ಇದರಾಗ ಗುಂಡು ಐತೋ ಇಲ್ಲೋ ತೆಗೆದ ಕೂಡ್ಲೇ ಕಣ್ಣಿಗೆ ಕಾಣ್ತೈತಿ. ಕಾಣಿಸದ್ದನ್ನ ನಾನು ಈಗ ನಂಬಂಗಿಲ್ಲ" ಎಂದರು ಮಾವ. ಅಂಗಿಯ ಕೆಳಗೆ ತೊಡುವ ದಪ್ಪ ಬಟ್ಟೆಯ ಒಳಂಗಿಗೆ, ಪಕ್ಕೆಯ ಹತ್ತಿರ ಆಳವಾದ ಜೇಬು ಹೊಲಿಸುವುದೆಂದು ಅಲ್ಲೇ ತೀರ್ಮಾನವಾಯಿತು.

ಮನೆಯಲ್ಲಿ ಅತ್ತೆ ಒಂದೇ ಒಂದು ಮಾತು ಕೇಳಿದರು. "ಎದಿ ಮ್ಯಾಲೆ ಲಿಂಗ ಐತಿ. ಅದರ ಮಗ್ಗಲಕ ಇದನ್ನ ಹೆಂಗ ಇಡ್ತೀರಿ?" ಮಾವ ಬಲಪಕ್ಕೆಗೆ ಜೇಬು ಹಾಕಿಸಿದರು. ಬೆಳಗ್ಗೆ ಪೂಜೆಗೆ ಕೂತಾಗ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವರು, ಎದ್ದ ಮೇಲೆ ಮತ್ತೆ ತೊಡುವರು.

ಇನ್ನು ಧೈರ್ಯ ಬರುತ್ತದೆ ಎಂದು ನಾವೆಲ್ಲ ಕಾದೆವು. ಬಂದದ್ದು ಬೇರೆ. ನದಿಯ ಸ್ನಾನ ನಿಂತಿತು, ದಡದಲ್ಲಿ ಅದನ್ನು ಬಿಟ್ಟು ನೀರಿಗೆ ಇಳಿಯುವ ಹಾಗಿಲ್ಲ. ಮಧ್ಯಾಹ್ನದ ನಿದ್ದೆ ನಿಂತಿತು. ಗಿರಣಿಯ ಹಮಾಲರ ಹೆಗಲ ಮೇಲೆ ಕೈಹಾಕಿ ಮಾತಾಡುತ್ತಿದ್ದವರು ಒಂದು ಮಾರು ದೂರ ನಿಂತು ಮಾತಾಡತೊಡಗಿದರು. ಪಂಕ್ತಿಗೆ ಕೂರಲು ಅಷ್ಟೆಲ್ಲ ಪರೀಕ್ಷೆ ಮಾಡಿ ತಂದವರು, ಕೊನೆಗೆ ಪಂಕ್ತಿಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮಂಡಿನೋವು ಎಂದು ಜನ ತಿಳಿದರು. ಯಾರೋ ಎಣ್ಣೆ ಕೂಡ ಕೊಟ್ಟರು.

ಆ ವರ್ಷ ಅಜ್ಜಿ ತೀರಿಕೊಂಡಳು. ಸುದ್ದಿ ತಿಳಿದು ಪಂಪಣ್ಣ ಬಂದರು, ಯಾರೂ ಹೇಳಿ ಕಳಿಸಿರಲಿಲ್ಲ. ಅಂಗಳ ದಾಟಿ ನೇರವಾಗಿ ಅಜ್ಜಿಯನ್ನು ಕೂರಿಸಿದ್ದ ಕಡೆ ಹೋಗಿ, ಪಾದಕ್ಕೆ ಹಣೆ ಹಚ್ಚಿ ಅತ್ತರು. ಆಮೇಲೆ ಎದ್ದು ಮಾವನ ಕಡೆ ತಿರುಗಿದರು. ಸಾವಿನ ಮನೆಯಲ್ಲಿ ತೆಕ್ಕೆಬಿದ್ದು ಅಳುವುದು ನಮ್ಮ ಕಡೆಯ ಪದ್ಧತಿ, ಅದಕ್ಕೆ ಜಗಳ ಅಡ್ಡ ಬರುವುದಿಲ್ಲ. ಪಂಪಣ್ಣ "ನಮ್ಮವ್ವ ಹೋದ್ಳಲ್ಲೋ ಮಲ್ಲಾ" ಎಂದು ಎರಡೂ ಕೈಯಿಂದ ಮಾವನನ್ನು ತಬ್ಬಿದರು. ಮಾವನೂ ಎಲ್ಲ ಮರೆತು ತಬ್ಬಿಕೊಂಡರು.

ಒಮ್ಮೆಲೇ ಪಂಪಣ್ಣನ ಅಳು ನಿಂತಿತು. ಅವರ ಎಡಗೈ ಮಾವನ ಬಲಪಕ್ಕೆಯ ಮೇಲೆ ನಿಂತುಬಿಟ್ಟಿತ್ತು. ನಾನು ಮಗ್ಗುಲಲ್ಲೇ ಇದ್ದೆ. ಅವರು ಮಾವನ ಕಿವಿಯ ಹತ್ತಿರ ಕೇಳಿದ್ದು ನನಗೂ ಕೇಳಿಸಿತು.

"ಇದು ನನಗಂತ ಇಟ್ಕೊಂಡಿಯೇನೋ?"

ಮಾವ ಅಲ್ಲ ಎಂದಿದ್ದರೆ ಸುಳ್ಳಾಗುತ್ತಿತ್ತು. ಪಂಪಣ್ಣ ಮೆಲ್ಲನೆ ಕೈ ಬಿಡಿಸಿಕೊಂಡು, ಮುಖ ಒರೆಸಿಕೊಂಡು, ಅಜ್ಜಿಯನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ಹೆಗಲು ಕೊಟ್ಟರು. ಮಣ್ಣು ಕೊಟ್ಟು ಬಂದು ನೀರು ಕೂಡ ಕುಡಿಯದೆ ಹೊರಟುಹೋದರು.

ಮುಂದೆ ಚುನಾವಣೆ ಬಂದಾಗ ಲೈಸೆನ್ಸು ಇದ್ದ ಎಲ್ಲರಂತೆ ಮಾವನೂ ಆಯುಧವನ್ನು ಠಾಣೆಗೆ ಒಪ್ಪಿಸಿದರು. ಚುನಾವಣೆ ಮುಗಿಯಿತು, ಅವರು ತರಲು ಹೋಗಲಿಲ್ಲ. ಲೈಸೆನ್ಸೂ ಬೇಡವೆಂದು ಬರೆದುಕೊಟ್ಟರು. ದಸರೆಯ ಬನ್ನಿ ಹಬ್ಬದ ದಿನ ನನ್ನನ್ನು ಕರೆದುಕೊಂಡು ಹಂಪಿಯ ಬಾಳೆತೋಟದಲ್ಲಿದ್ದ ಪಂಪಣ್ಣನ ಮನೆಗೆ ಹೋದರು. ಒಳಂಗಿ ತೊಟ್ಟಿರಲಿಲ್ಲ, ತೆಳ್ಳನೆಯ ಮಲ್ಲು ಬಟ್ಟೆಯ ಅಂಗಿ, ಬೆವರಿಗೆ ಮೈಗಂಟಿತ್ತು. ಬನ್ನಿ ಎಲೆ ಮುಂದೆ ಹಿಡಿದು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದರು. ಪಂಪಣ್ಣ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಕುಂದ್ರು, ಉಂಡು ಹೋಗು" ಎಂದರು. ಊಟದ ನಡುವೆ ಅವರೇ ಕಲ್ಲಿನ ಮಾತು ತೆಗೆದರು.

"ನಿನ್ನ ಗಾಡಿಗೆ ಬಿದ್ದದ್ದು ಕಲ್ಲಲ್ಲೋ, ಅದಿರಿನ ಗಡ್ಡಿ. ಮುಂದಿನ ಲಾರಿ ಹೇರು ಹೆಚ್ಚಾಗಿ ಉದುರಿಸೈತಿ. ದಿನಾ ಎಷ್ಟು ಗಾಜು ಒಡೀತಿದ್ದವು ಆ ದಾರ್ಯಾಗ, ನಮ್ಮ ಲಾರಿನೂ ಉದುರಿಸ್ತಿದ್ದವಲ್ಲ. ಅದನ್ನ ಕೈಯಾಗ ಹಿಡಿದು ನೋಡಿದ್ರ ತಿಳೀತಿತ್ತು ನಿನಗ."

ಮಾವ ತಲೆ ತಗ್ಗಿಸಿ, "ಕಲ್ಲು ನೋಡ್ಲಿಲ್ಲೋ ಪಂಪಾ, ನಿನ್ನನ್ನ ನೋಡಿದೆ" ಎಂದರು. ಹೊರಡುವಾಗ ಬಾಗಿಲಲ್ಲಿ ಎರಡೂ ಕೈ ಅರೆಬರೆ ಮುಂದೆ ಚಾಚಿದರು. ಪಂಪಣ್ಣ ಕೈ ಮುಗಿದರು. ಅಲ್ಲಿಂದ ಹೋಗುವುದು ಬರುವುದು ಎಲ್ಲ ಶುರುವಾಯಿತು, ಹಬ್ಬ ಹುಣ್ಣಿಮೆಗೆ ಊಟ, ಫೋನಿನಲ್ಲಿ ಹರಟೆ. ತೆಕ್ಕೆ ಮಾತ್ರ ಆಗಲಿಲ್ಲ. ಇಬ್ಬರೂ ಎದುರಾದಾಗ ಮಾವನ ಕೈ ಸ್ವಲ್ಪ ಏಳುವುದು, ಪಂಪಣ್ಣನ ಕೈ ಮುಗಿಯುವುದು.

ಹೋದ ವಾರ ಅಂಗಿ ಹೊಲಿಯಲು ಕೊಟ್ಟ ಮರುದಿನ ನಾನು ಲಗ್ನಪತ್ರಿಕೆ ಹಿಡಿದು ಪಂಪಣ್ಣನ ತೋಟಕ್ಕೆ ಹೋದೆ. ಈಗ ಮುದುಕರಾಗಿದ್ದಾರೆ, ಬಾಳೆಗೊನೆಗೆ ಆಸರೆ ಕೊಟ್ಟ ಕೋಲಿನಂಥದೇ ಒಂದು ಕೋಲು ಅವರ ಕೈಯಲ್ಲಿ. ಮಗಳ ಮದುವೆ ಎಂದದ್ದೇ ಕೋಲು ಬಿಟ್ಟು, "ನಮ್ಮವ್ವನ ಮರಿಮಗಳ ಮದುವಿ" ಎಂದು ಹತ್ತಿರ ಬಂದರು. ತಬ್ಬಿಕೊಳ್ಳುವ ಮೊದಲು ಅವರ ಎಡಗೈ ನನ್ನ ಬಲಪಕ್ಕೆಯನ್ನು ಮೇಲಿಂದ ಕೆಳಗೆ ಒಮ್ಮೆ ಸವರಿತು. ಕೈ ಮಾಡಿದ್ದು ಏನೆಂದು ಅವರಿಗೂ ಗೊತ್ತಾಯಿತು. ಮುಖ ಸಣ್ಣದಾಯಿತು.

"ನನ್ನ ಹತ್ರ ಏನೂ ಇಲ್ಲ ಪಂಪಣ್ಣ ಮಾವ" ಎಂದೆ.

"ನನಗ ಗೊತ್ತೈತಪ" ಎಂದರು. "ಕೈಗೆ ಗೊತ್ತಿಲ್ಲ."

ಆಮೇಲೆ ತಬ್ಬಿಕೊಂಡರು. ಬಿಗಿಯಾಗಿಯೇ ತಬ್ಬಿಕೊಂಡರು.

ಸಂಜೆ ಕಂಪ್ಲಿಗೆ ಹೋದೆ. ಮಾವ ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಮೊಮ್ಮಕ್ಕಳು ಸುತ್ತ ಗಲಾಟೆ ಮಾಡುತ್ತಿದ್ದರು, ಪಂಪಣ್ಣನ ತೋಟದಿಂದ ಬಂದೆ ಎಂದದ್ದೇ ಅವರನ್ನು ಗದರಿಸಿ ಸುಮ್ಮನಿರಿಸಿ ನನ್ನನ್ನು ಹತ್ತಿರ ಕರೆದರು. ಪತ್ರಿಕೆ ಯಾರ್ಯಾರಿಗೆ ಕೊಟ್ಟೆ, ಬೀಗರು ಏನಂದರು, ಯಾವುದನ್ನೂ ಕೇಳಲಿಲ್ಲ.

"ಪಂಪ ನಿನಗ ತೆಕ್ಕಿಬಿದ್ನೇನು?"

"ಹೂಂ, ಬಿದ್ದರು."

"ಬಿಗಿಯಾಗಿ?"

"ಬಿಗಿಯಾಗಿ, ಮಾವ."

"ಸುಮ್ನ ಬಿದ್ನಾ? ಮೊದಲು ಏನೂ ಮಾಡ್ಲಿಲ್ಲಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಏನೂ ಮಾಡ್ಲಿಲ್ಲ" ಎಂದೆ. ಮಾವ ಕಣ್ಣು ಮುಚ್ಚಿಕೊಂಡರು. ನನ್ನ ಕೈಯನ್ನು ಎಳೆದುಕೊಂಡು ತಮ್ಮ ಬಲಪಕ್ಕೆಯ ಮೇಲೆ ಇಟ್ಟುಕೊಂಡು ಹಾಗೆಯೇ ಮಲಗಿದರು. ತೆಳ್ಳನೆಯ ಅಂಗಿ, ಅದರ ಕೆಳಗೆ ಬರೀ ಎಲುಬು.