ಜುಬೇದಮ್ಮನವರ ಪೇಸ್‌ಮೇಕರ್‌ಗೆ ನಾನು ಮಾಡಿದ್ದು

ಜುಬೇದಮ್ಮ, ಏಳು ವರ್ಷಗಳ ಹಿಂದೆ ನಿಮ್ಮ ಎದೆ ಇದ್ದಕ್ಕಿದ್ದಂತೆ ಓಡಲು ಶುರುವಾದದ್ದು ಭಯದಿಂದಲ್ಲ. ನಿಮ್ಮ ಪೇಸ್‌ಮೇಕರ್‌ನ ಸೆಟ್ಟಿಂಗ್ ಬದಲಾಯಿಸಿದ್ದು ನಾನು. ಅದನ್ನು ಮುಚ್ಚಿಟ್ಟದ್ದೂ ನಾನೇ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ತಪಾಸಣೆ ಮಾಡುವ ಟೆಕ್ನಿಷಿಯನ್ ನಾನು. ನೀವು ಭದ್ರಾವತಿಯಿಂದ ಯಜಮಾನರ ಜೊತೆ ಬಂದಿದ್ದಿರಿ. ಮನೆಯ ಮಹಡಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಿರಿ.

"ಮೆಟ್ಲು ಹತ್ತಿದ್ರೆ ಸುಸ್ತಾಗತ್ತೆ ಸರ್. ಏನಾದ್ರೂ ಮಾಡ್ಕೊಡಿ" ಎಂದಿರಿ.

ಹತ್ತುವಾಗ ಬಡಿತ ಇನ್ನಷ್ಟು ಏರಲಿ ಎಂದು ಒಂದು ಸಂಖ್ಯೆಯನ್ನು ಇಳಿಸಿದೆ. ಪ್ರತಿ ಬಡಿತದ ನಂತರ ಆ ಯಂತ್ರ ಅರೆಕ್ಷಣ ಕಿವಿ ಮುಚ್ಚಿಕೊಂಡಿರಬೇಕು. ಇಲ್ಲದಿದ್ದರೆ ಹೃದಯದ ಕೆಳಗಿನ ಕೋಣೆಯಿಂದ ಮೇಲಕ್ಕೆ ಮರಳುವ ಮಿಡಿತವನ್ನೇ ಹೊಸದೆಂದು ತಿಳಿದು ಹೃದಯವನ್ನು ಮತ್ತೆ ಮಿಡಿಸುತ್ತದೆ — ಮಿಡಿತ ಮತ್ತೆ ಮರಳುತ್ತದೆ, ಯಂತ್ರ ಮತ್ತೆ ಮಿಡಿಸುತ್ತದೆ. ಅದು ಚಿಕ್ಕದಾದಷ್ಟೂ ಬಡಿತ ಹೆಚ್ಚು ಏರಬಲ್ಲದು ಎಂದು ಆ ಅರೆಕ್ಷಣವನ್ನೇ ನಾನು ಕಡಿಮೆ ಮಾಡಿದ್ದೆ. ನಿಮ್ಮಲ್ಲಿ ಮಿಡಿತ ಹಾಗೆ ಮರಳುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕಿತ್ತು. ಪರೀಕ್ಷಿಸಲಿಲ್ಲ. ಡಾಕ್ಟರನ್ನು ಕೇಳಲಿಲ್ಲ. ಫೈಲಿನಲ್ಲಿ ಬರೆಯಲೂ ಇಲ್ಲ.

ಎರಡು ವಾರಕ್ಕೆ ನೀವು ಮತ್ತೆ ಬಂದಿರಿ. "ಕೂತಲ್ಲೇ ಎದೆ ಓಡತ್ತೆ ಸರ್. ಬ್ಲೌಸ್ ಕಟ್ ಮಾಡ್ತಾ ಕತ್ತರಿ ಕೈಯಿಂದ ಬಿತ್ತು."

ಆ ಹೊತ್ತಿಗೆ ನಿಮ್ಮ ನಾಡಿ ಸರಿಯಾಗಿತ್ತು. ಬ್ಯಾಟರಿ ನೋಡಿದೆ, ಅಷ್ಟೇ. ಯಂತ್ರ ದಾಖಲಿಸಿಟ್ಟಿದ್ದ ಬಡಿತಗಳನ್ನು ತೆರೆದು ನೋಡಿದ್ದರೆ... ನೋಡಲಿಲ್ಲ. ನಿಮ್ಮ ಯಜಮಾನರಿಗೆ ಹೇಳಿದೆ: "ಮಷೀನ್ ಚೆನ್ನಾಗಿದೆ. ಅಮ್ಮಂಗೆ ಭಯ, ಅಷ್ಟೇ. ಸ್ವಲ್ಪ ಕೆಲಸ ಬಿಡ್ಸಿ."

ಅವರು ಆ ವಾರವೇ ಹೊಲಿಗೆ ಕ್ಲಾಸು ನಿಲ್ಲಿಸಿದರು.

ಮೂರನೆಯ ಸಲ ನಿಮ್ಮನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ನಾಡಿ ನೂರಮೂವತ್ತು. ಯಂತ್ರ ಕಿವಿ ಮುಚ್ಚಿಕೊಳ್ಳುವಂತೆ ಡಾಕ್ಟರು ನಿಮ್ಮ ಎದೆಯ ಮೇಲೆ ಒಂದು ಅಯಸ್ಕಾಂತ ಇಟ್ಟರು — ಓಟ ಅಲ್ಲೇ ನಿಂತಿತು. ಸೆಟ್ಟಿಂಗ್ ನೋಡಿ ನನ್ನತ್ತ ತಿರುಗಿ, ನಿಮಗೆ ಕೇಳಿಸದಂತೆ ದನಿ ತಗ್ಗಿಸಿದರು.

"ಇದನ್ನ ಯಾರು ಚೇಂಜ್ ಮಾಡಿದ್ದು?"

"ಗೊತ್ತಿಲ್ಲ ಸರ್. ಹಾಕ್ದಾಗಿಂದ್ಲೂ ಹೀಗೇ ಇರ್ಬೇಕು."

ಅವರು ಅದನ್ನು ಸರಿಪಡಿಸಿ, ನಿಮಗೆ ವಿವರಿಸುವುದನ್ನು ನನಗೇ ಬಿಟ್ಟರು. ನೀವು ಅವರ ಕೈಯನ್ನೂ ನನ್ನ ಕೈಯನ್ನೂ ಹಿಡಿದು "ನಿಮ್ಮಿಂದ ಬದುಕ್ದೆ" ಎಂದಿರಿ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಔಷಧಿ ತರಲು ಹೋಗಿದ್ದ ಯಜಮಾನರು ಬಾಗಿಲಲ್ಲಿ ಏನಾಗಿತ್ತೆಂದು ಕೇಳಿದಾಗ, "ಏನಿಲ್ಲ, ಸರಿಹೋಯ್ತು" ಎಂದುಬಿಟ್ಟೆ.

ಅದನ್ನು ಮರೆತೆ ಎಂದರೆ ಸುಳ್ಳಾದೀತು. ಮರೆತಂತೆ ಇದ್ದೆ. ವರ್ಷವರ್ಷವೂ ನೀವು ತಪಾಸಣೆಗೆ ಬಂದಿರಿ, ನಾನು ನಗುತ್ತಲೇ ಪರೀಕ್ಷಿಸಿದೆ. ಕಳೆದ ವಾರ ಮಾತ್ರ, ಮತ್ತೆ ಕ್ಲಾಸು ಶುರು ಮಾಡಬಹುದೇ ಎಂದು ನೀವು ಕೇಳಿದಿರಿ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನಕ್ಕರು:

"ಇವಳದ್ದು ಬರೀ ಭಯ ಸರ್, ನೀವೇ ಹೇಳಿದ್ರಲ್ಲ ಆವತ್ತು! ಹಂಗಿರೋವಾಗ ಹುಡ್ಗೀರನ್ನ ಏನು ಸಂಭಾಳಿಸ್ತಾಳೆ?"

ನೀವು ವಾದಿಸಲಿಲ್ಲ. ಏಳು ವರ್ಷದಲ್ಲಿ ನೀವೂ ಅದನ್ನು ನಂಬಿಬಿಟ್ಟಿದ್ದೀರಿ ಎಂದು ನನಗೆ ಆಗ ತಿಳಿಯಿತು. ಯಂತ್ರವನ್ನು ಡಾಕ್ಟರು ಒಂದು ನಿಮಿಷದಲ್ಲಿ ಸರಿಪಡಿಸಿದ್ದರು, ಇದನ್ನು...

ನಿನ್ನೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ನನ್ನ ಕೆಲಸದ ವಿಚಾರ ಆಸ್ಪತ್ರೆಯವರು ತೀರ್ಮಾನಿಸುತ್ತಾರೆ. ಅದಕ್ಕೂ ಈ ಕಾಗದಕ್ಕೂ ಸಂಬಂಧವಿಲ್ಲ. ನೀವು ಕ್ಷಮಿಸಬೇಕೆಂದೂ ಬರೆಯುತ್ತಿಲ್ಲ.

ಇದನ್ನು ಯಜಮಾನರಿಗೆ ಓದಲು ಕೊಡಿ. ಭಾನುವಾರ ನಾನೇ ಭದ್ರಾವತಿಗೆ ಬಂದು ಅವರೆದುರು ಇದಿಷ್ಟನ್ನೂ ಹೇಳುತ್ತೇನೆ. ಒಳಗೆ ಕರೆಯದಿದ್ದರೆ ರಸ್ತೆಯಲ್ಲಿ ನಿಂತೇ ಹೇಳುತ್ತೇನೆ.