ಹಳ್ಳದ ಸರದಿ ಕಾಯುವವರ ಊರಿಗೆ

ರಾಯಚೂರಿನಿಂದ ಬೆಳಗಿನ ಆರರ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಅಂಗಿ, ಒಂದು ಅಳತೆಯ ಟೇಪು, ಒಬ್ಬ ಮುದುಕಿಯ ಮೇಲೆ ಸಂಶಯಪಟ್ಟು ಬರೆದ ಕಚೇರಿಯ ಕಾಗದ ಇದ್ದವು. ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ವಿಮಾ ಕಂಪನಿಯೊಂದರಲ್ಲಿ ಸತ್ತ ದನಕರುಗಳ ಅರ್ಜಿ ತನಿಖೆ ಮಾಡುತ್ತಿದ್ದೆ. ಮಸ್ಕಿ ಹಳ್ಳ ಉಕ್ಕಿ ಹರಿದು ಹನ್ನೆರಡು ದಿನವಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುತ್ತಾರಲ್ಲ, ನಮ್ಮ ಕೆಲಸವೇ ಅಂಥದ್ದು. ನೀರು ಇಳಿದ ಮೇಲೆ ನಾವು ಹೊರಡುತ್ತಿದ್ದೆವು.

ಲಿಂಗಸುಗೂರಿಗೆ ಒಂಬತ್ತು ರೂಪಾಯಿ ಟಿಕೀಟು, ನಾಲ್ಕು ತಾಸಿನ ದಾರಿ. ಕಿಟಕಿಗೆ ಗಾಜು ಇರಲಿಲ್ಲ, ತುಂತುರು ಮಳೆಗೆ ಎಡಗೈ ಪೂರ್ತಿ ತೊಯ್ದಿತು. ಬಸ್‌ಸ್ಟ್ಯಾಂಡಿನ ಎದುರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ನನ್ನ ಕಾಗದ ಓದಿ ನಕ್ಕರು. ವಿಮೆ ಮಾಡಿದ ದನದ ಕಿವಿಗೆ ನಂಬರಿನ ಬಿಲ್ಲೆ ಹೊಡೆಯುತ್ತಾರೆ. ದನ ಸತ್ತರೆ ಆ ಬಿಲ್ಲೆಯನ್ನು ಕಿವಿಯ ಸಮೇತ ತಂದು ತೋರಿಸಬೇಕು, ದನ ನೀರಿಗೆ ಹೋದರೆ ಬಿಲ್ಲೆಯೂ ಜೊತೆಗೇ ಹೋಗಿರಬೇಕು. ನಾನು ತನಿಖೆಗೆ ಹೊರಟಿದ್ದ ಅರ್ಜಿಯಲ್ಲಿ ಎಮ್ಮೆ ನೀರು ಪಾಲಾಗಿತ್ತು, ಬಿಲ್ಲೆ ಮಾತ್ರ ಮನೆಯಲ್ಲಿತ್ತು.

"ಬಿಲ್ಲೆ ಮನ್ಯಾಗ ಐತಿ, ಎಮ್ಮಿ ಹಳ್ಳದಾಗ ಹೋತು ಅಂದ್ರ ಏನ್ರಿ ಅರ್ಥ? ಎಮ್ಮಿ ಸಂತ್ಯಾಗ ಹೋಗೇತಿ ಅಂತ ತಿಳೀರಿ" ಎಂದರು ಡಾಕ್ಟರು. ನನಗೂ ಹಾಗೇ ಅನ್ನಿಸಿತ್ತು.

ಮಸ್ಕಿಗೆ ಮಧ್ಯಾಹ್ನ ಮುಟ್ಟಿದೆ. ಮಳೆ ನಿಂತು ಬಿಸಿಲು ಚುರ್ ಎನ್ನುತ್ತಿತ್ತು, ಗುಡ್ಡದ ಬಂಡೆಗಳಿಂದ ಇನ್ನೂ ನೀರು ಜಿನುಗುತ್ತಿತ್ತು. ಅಮರಪ್ಪ ಎಂಬ ರೈತ ನನಗಾಗಿ ಬಂಡಿ ಕಟ್ಟಿಕೊಂಡು ಕಾಯುತ್ತಿದ್ದ. ಅರ್ಜಿ ಬಂದಿದ್ದ ಅವನ ಊರು ಐದು ಮೈಲಿ. ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು, ಎರಡೆರಡು ಸಲ ಇಳಿದು ಕೋಲಿನಿಂದ ಕೆರೆದು ತೆಗೆಯಬೇಕಾಯಿತು. ನನ್ನ ಹೊಸ ಚಪ್ಪಲಿಗಳು ಕೆಸರಿನಲ್ಲಿ ಹುಗಿದು ಹೋಗಿ, ನಾನು ಬೈದುಕೊಳ್ಳುತ್ತ ಬರಿಗಾಲಲ್ಲಿ ಊರು ಹೊಕ್ಕೆ.

ಅರ್ಜಿದಾರಳ ಹೆಸರು ಶಂಕ್ರಮ್ಮ. ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಹಣೆಯ ತುಂಬ ವಿಭೂತಿ. ಗಂಡ ಇಲ್ಲ, ಹೊಲ ಇಲ್ಲ. ಆ ಎಮ್ಮೆಯ ಹಾಲು, ಮೊಸರು ಮಾರಿಯೇ ಜೀವನ. ಅರ್ಜಿ ಬಿದ್ದುಹೋದರೆ ಆಕೆ ನಾಳೆಯಿಂದ ಕಾಲುವೆ ಸೀಮೆಗೆ ನಾಟಿ ಕೂಲಿಗೆ ಹೋಗಬೇಕಿತ್ತು. ಆ ವಯಸ್ಸಿನಲ್ಲಿ ದಿನಪೂರ್ತಿ ಕೆಸರಲ್ಲಿ ಬಗ್ಗಿ ನಿಲ್ಲುವುದು ಹುಡುಗಾಟವಲ್ಲ. ಆಕೆ ನನ್ನೆದುರು ಜಗಲಿಯ ಮೇಲಿನ ದೇವರ ಪಕ್ಕದಿಂದ ಸಣ್ಣ ಬಟ್ಟೆಯ ಗಂಟು ತಂದು ಬಿಚ್ಚಿದಳು. ಬಿಲ್ಲೆ ಥಳಥಳ ಹೊಳೆಯುತ್ತಿತ್ತು. ಅದಕ್ಕೂ ವಿಭೂತಿ ಹಚ್ಚಿದ್ದಳು.

ನಾನು ಫೌಜುದಾರನ ಗತ್ತಿನಲ್ಲಿ ಕೇಳಿದೆ, "ಇದನ್ನ ಕಿವಿಯಿಂದ ಯಾಕ ತೆಗದಿ ಯವ್ವಾ?"

"ನೀವ ಹೇಳಿದ್ರಲ್ರಿ."

"ನಾನಾ?"

"ಹೂಂನ್ರಿ. ಹ್ವಾದ ವರ್ಷದ ಹಿಂದಿನ ವರ್ಷ ಗುಡಿ ಕಟ್ಟಿಮ್ಯಾಗ ನಿಂತು ಹೇಳಿದ್ರಿ. ಬಿಲ್ಲೆ ಕಳದ್ರ ಏನೂ ಸಿಗಂಗಿಲ್ಲ, ಜೀವದಂಗ ಜೋಪಾನ ಮಾಡ್ರಿ ಅಂದ್ರಿ. ಎಮ್ಮಿ ದಿನಾ ಜಾಲಿಮುಳ್ಳಾಗ ಹೊಕ್ಕತಿತ್ತು. ಕಿವ್ಯಾಗ ಬಿಟ್ರ ಜೋಪಾನ ಹೆಂಗ ಆಗತೈತ್ರಿ?"

ಅಮರಪ್ಪ ಬಾಗಿಲಲ್ಲಿ ನಿಂತು, "ನಂದೂ ಜಗಲಿಮ್ಯಾಗ ಐತ್ರಿ ಸಾಹೇಬ್ರ" ಎಂದ. ನಂಬದೆ ಮತ್ತೆ ಆರು ಮನೆಗಳಿಗೆ ಹೋಗಿ ನೋಡಿದೆ. ಆರರಲ್ಲೂ ಬಿಲ್ಲೆ ದೇವರ ಪಕ್ಕದಲ್ಲೇ ಕೂತಿತ್ತು. ಒಂದಕ್ಕೆ ಕುಂಕುಮ, ಹೂವು ಕೂಡ ಏರಿಸಿದ್ದರು. ಇಡೀ ಊರು ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿತ್ತು. ಕಚೇರಿಗೆ ತಿಳಿದರೆ ಯಾರ ವಿಮೆಯೂ ನಿಲ್ಲುತ್ತಿರಲಿಲ್ಲ, ಊರ ಹೆಸರು ಬರೆಯದಿರುವುದು ಇದಕ್ಕೇ. ವಿಮೆ ಮಾಡಿಸಲು ಬಂದಿದ್ದ ಆ ದಿನ, ಕಿವಿಯಿಂದ ತೆಗೆಯಬೇಡಿರೆಂದು ಹೇಳಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರೊಟ್ಟಿ, ಪುಂಡಿಪಲ್ಯ ಉಂಡು ಮೂವರೂ ಹಳ್ಳದ ಕಡೆ ನಡೆದೆವು. ಹಳ್ಳ ಆಗ ಪಾದ ಮುಳುಗುವಷ್ಟೇ ಹರಿಯುತ್ತಿತ್ತು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಇದು ಎಮ್ಮೆಯನ್ನು ಎಳೆದೊಯ್ದಿತೇ ಎಂದು ನಗು ಬಂತು. ಅಮರಪ್ಪ ಮೇಲೆ ಕೈ ತೋರಿಸಿದ. ದಂಡೆಯ ಬೇವಿನ ಮರದ ಕವಲಿನಲ್ಲಿ ಜೋಳದ ದಂಟು, ಹರಿದ ಕಂಬಳಿ, ಯಾರದೋ ಮನೆಯ ಬಾಗಿಲ ಹಲಗೆ ಸಿಕ್ಕಿಕೊಂಡಿದ್ದವು. ಟೇಪು ಹಿಡಿದು ಅಳೆದೆ. ನಾನು ನಿಂತ ನೆಲದಿಂದ ಹನ್ನೊಂದು ಅಡಿ! ಅಷ್ಟು ನೀರು ಎಲ್ಲಿಂದ ಬಂತು, ಎಲ್ಲಿ ಹೋಯಿತು? ಇಷ್ಟು ವರ್ಷ ನೆರೆ ಎಂಬ ಅಕ್ಷರಗಳನ್ನು ಫಾರಮಿನಲ್ಲಿ ಬರೆದಿದ್ದೆನೇ ಹೊರತು, ತಲೆಯ ಮೇಲಿನ ನೀರನ್ನು ಎಂದೂ ಕತ್ತೆತ್ತಿ ನೋಡಿರಲಿಲ್ಲ.

"ಆವತ್ತ ಊರಾಗ ಒಂದ ಹನಿ ಬಿದ್ದಿಲ್ರಿ" ಎಂದ ಅಮರಪ್ಪ. "ಎಲ್ಲಾ ಮ್ಯಾಲಿನ ಸೀಮಿ ಮಳಿ."

"ಮತ್ತ ಹಳ್ಳ ಬರತೈತಿ ಅಂತ ಹೆಂಗ ಗೊತ್ತಾತು?"

ಶಂಕ್ರಮ್ಮ ಹೇಳಿದಳು. "ನಸುಕಿನ್ಯಾಗ ಕಪ್ಪಿ ವದರೂದು ನಿಲ್ಲಿಸಿದ್ವು. ಆಮ್ಯಾಲ ನೊರಿ ಬಂತು. ನೊರಿ ಹಿಂದ ಒಣ ಸೆಗಣಿ ತೇಲಿ ಬಂತ್ರಿ. ಒಣ ಸೆಗಣಿ ಬಂತಂದ್ರ ಮ್ಯಾಲಿನ ಊರ ದಂಡಿ ಮುಳಗೇತಿ ಅಂತ ಲೆಕ್ಕ. ತಾಟು ಬಡದೆ."

ಆ ಊರಿನಲ್ಲಿ ಜೂನಿನ ಮಿರಗದ ಮಳೆಯಿಂದ ದೀಪಾವಳಿಯವರೆಗೆ ಒಂದೊಂದು ರಾತ್ರಿ ಒಂದೊಂದು ಮನೆಯವರು ಸರದಿ ಪ್ರಕಾರ ದಂಡೆಯಲ್ಲಿ ಮಲಗಿ ಹಳ್ಳ ಕಾಯುತ್ತಾರೆ. ದನದ ಕೊಟ್ಟಿಗೆಗಳು ದಂಡೆಯ ಮೇಲಿವೆ. ಹಳ್ಳ ಬಂದರೆ ಸರದಿಯವರು ತಾಟು ಬಡಿದು, ಊರವರು ಓಡಿ ಬರುವಷ್ಟರಲ್ಲಿ ದನ ಬಿಚ್ಚಬೇಕು. ಅದಕ್ಕೊಂದು ಕಟ್ಟಳೆಯಿದೆ: ಬೇರೆಯವರ ದನ ಮೊದಲು, ತಮ್ಮದು ಕಡೆಗೆ.

"ಅದ್ಯಾಕ ಹಂಗ?" ಎಂದೆ.

"ತಮ್ಮದ ಮೊದಲ ಬಿಚ್ಚಿಕೊಂಡು ಓಡಿದ್ರ ಉಳದೋರ್ದು ಯಾರ ಬಿಚ್ಚಬೇಕ್ರಿ?" ಎಂದ ಅಮರಪ್ಪ. "ಹಿರ್ಯಾರು ಮಾಡಿಟ್ಟಾರ. ಆವತ್ತ ಸರದಿ ಈಕಿದು. ಹತ್ತೊಂಬತ್ತು ದನ ಬಿಚ್ಚ್ಯಾಳ್ರಿ. ಅದರಾಗ ನನ್ನ ಎರಡೂ ಎತ್ತು ಅದಾವ. ತನ್ನ ಎಮ್ಮಿಗೆ ಬರೂದ್ರಾಗ ನೀರು ಎದಿಮಟ ಬಂದಿತ್ತು."

ಶಂಕ್ರಮ್ಮ ಹಳ್ಳದ ಕಡೆ ಮುಖ ತಿರುಗಿಸಿದಳು. "ಕಣ್ಣಿ ಬಿಚ್ಚೀನ್ರಿ ಯಪ್ಪಾ. ಕಟ್ಟಿ ಹಾಕಿ ಸಾಯಿಸಲಿಲ್ಲ. ಈಸಿಕೋತ ಹೋತು, ನನ್ನ ಕಡೀನ ನೋಡಿಕೋತ ಹೋತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಿಮೆಯೆಂದರೆ ಏನೆಂದು ಇದೇ ಜನಕ್ಕೆ ಕಟ್ಟೆಯ ಮೇಲೆ ನಿಂತು ಪಾಠ ಹೇಳಿದವನು ನಾನು! ಇವರು ಕಾಗದವಿಲ್ಲದೆ, ಸಹಿಯಿಲ್ಲದೆ, ಹಳ್ಳಕ್ಕೇ ಕಟ್ಟಳೆ ಹಾಕಿ ಬದುಕಿದ್ದರು. ನಾನು ನಿಜಕ್ಕೂ ಆ ಹೆಂಗಸಿಗೆ ಕೈ ಮುಗಿದೆ. ಆಕೆ, "ಬಿಡ್ರಿ, ಸಾಹೇಬ್ರಾಗಿ ನನಗ ಕೈ ಮುಗೀತೀರೇನು" ಎಂದು ಗದರಿದಳು.

ರಾತ್ರಿ ಅಮರಪ್ಪನ ಮನೆಯಲ್ಲಿ ಉಳಿದೆ. ಮರುದಿನ ಪಂಚನಾಮೆ ಬರೆದೆ. ದನ ಉಳಿದ ಎಂಟು ಮನೆಯವರೂ ಕರೆಯದೆ ಬಂದು ಹೆಬ್ಬೆಟ್ಟು ಒತ್ತಿದರು. ಆದರೂ ನನ್ನ ಅಳುಕು ಹೋಗಲಿಲ್ಲ. ಹೆಬ್ಬೆಟ್ಟು ಎಷ್ಟಿದ್ದರೇನು, ಬಿಲ್ಲೆ ಕಿವಿಯಲ್ಲಿರಲಿಲ್ಲ. ಯಾಕಿರಲಿಲ್ಲ ಎಂದು ಬರೆಯದೆ ಅರ್ಜಿ ಉಳಿಯುವಂತಿರಲಿಲ್ಲ. ಬರೆದರೆ ಆ ವರ್ಷ ಬರಬೇಕಾಗಿದ್ದ ನನ್ನ ಬಡ್ತಿ ಉಳಿಯುವಂತಿರಲಿಲ್ಲ.

ಬಂಡಿ ಹತ್ತುವಾಗ ಶಂಕ್ರಮ್ಮ ಕೌದಿ ಮಡಚಿ ಹೆಗಲಿಗೆ ಹಾಕಿಕೊಂಡು ಹಳ್ಳದ ಕಡೆ ಹೊರಟಿದ್ದಳು. ಸಂಜೆಯ ಒಳಗೆ ಅಲ್ಲಿ ಹಾಸಿಗೆ ಒಯ್ದಿಡುವುದು ರೂಢಿ.

"ಇವತ್ತ ಸರದಿ ಯಾರದು?" ಎಂದೆ.

"ನಂದ ಬಂದೈತ್ರಿ."

"ನಿನ್ನ ಎಮ್ಮಿ ಹೋಗೇತಿ. ಇನ್ನ ನಿನಗೆಂಥಾ ಸರದಿ ಯವ್ವಾ?"

"ಎಮ್ಮಿ ಹೋತಂತ ಊರ ಹೋತೇನ್ರಿ?" ಎಂದು ನಡೆದೇಬಿಟ್ಟಳು.

ಅಮರಪ್ಪ ನನ್ನನ್ನು ಸಿಂಧನೂರು ರಸ್ತೆಗೆ ಬಿಟ್ಟ. ಅಲ್ಲಿಂದ ಟೆಂಪೋ. ಕಾಲುವೆ ದಾಟಿದೊಡನೆ ಸೀಮೆಯೇ ಬೇರೆ: ಎರಡೂ ಕಡೆ ಭತ್ತದ ಹಸಿರು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ತೆಲುಗು ಮಾತು. ಕೆಲವು ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಅವರಲ್ಲಿ ತಲೆ ನರೆತವರನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡಿದೆ.

ಸಿಂಧನೂರಿನಲ್ಲಿ ರಾಯಚೂರು ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಕೂತು ವರದಿ ಬರೆದೆ. "ಬಿಲ್ಲೆ ತೆಗೆದಿಟ್ಟದ್ದು ನನ್ನ ತಿಳಿಗೇಡಿ ಭಾಷಣದಿಂದ. ತಪ್ಪು ನನ್ನದು, ಅರ್ಜಿದಾರಳದಲ್ಲ" ಎಂದು ಬರೆದು ಸಹಿ ಹಾಕಿದೆ. ವರದಿಯನ್ನು ಮರುದಿನ ನಾನೇ ಕಚೇರಿಯಲ್ಲಿ ಕೊಡಬಹುದಿತ್ತು. ಆದರೆ ನನ್ನ ಗುಣ ನನಗೆ ಗೊತ್ತು. ರಾಯಚೂರು ಮುಟ್ಟುವಷ್ಟರಲ್ಲಿ ಆ ಸಾಲನ್ನು ನಾನೇ ಹೊಡೆದುಹಾಕುತ್ತಿದ್ದೆ. ಲಕೋಟೆ ಕೊಂಡು, ಅಂಟಿಸಿ, ಅಂಚೆ ಡಬ್ಬಿಗೆ ಹಾಕಿದೆ.

ಮುಂದೆ ಅರ್ಜಿ ಮಂಜೂರಾಯಿತು, ನನಗೆ ಮೆಮೊ ಬಂತು, ಬಡ್ತಿ ಮೂರು ವರ್ಷ ತಡವಾಯಿತು. ಆ ಮಧ್ಯಾಹ್ನ ಇದ್ಯಾವುದೂ ಗೊತ್ತಿರಲಿಲ್ಲ. ಹಾಕಿದ ಮರುಕ್ಷಣವೇ ಅದನ್ನು ಮರಳಿ ತೆಗೆಯಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ, ಡಬ್ಬಿಯ ಬಾಯೊಳಗೆ ಬೆರಳು ಹಾಕಿ ತಡಕಾಡಿದೆ. ಲಕೋಟೆ ಕೈಗೆ ಎಟುಕಲಿಲ್ಲ. ಸದ್ಯ ಎಂದುಕೊಂಡು ಹೋಗಿ ಬಸ್ಸು ಹತ್ತಿದೆ.